ಸಾಮಾಯಿಕ: 48 ನಿಮಿಷದ ಒಳಲೆಕ್ಕ

ಮಾನ್ಯ ಸಂಪಾದಕರೇ,

ಧ್ಯಾನದ ಬಗ್ಗೆ ಪತ್ರಿಕೆಗಳಲ್ಲಿ ಈಗ ಬೇಕಾದಷ್ಟು ಬರುತ್ತಿದೆ. ವಿಶ್ವಸಂಸ್ಥೆ 2024ರಲ್ಲಿ ಡಿಸೆಂಬರ್ 21ನ್ನು ವಿಶ್ವ ಧ್ಯಾನ ದಿನವೆಂದು ಘೋಷಿಸಿದ ಮೇಲಂತೂ ಇನ್ನೂ ಹೆಚ್ಚಿದೆ. ಸಂತೋಷವೇ. ಆದರೆ ಬರುವುದರಲ್ಲಿ ಮುಕ್ಕಾಲು ಪಾಲು ಒಂದೇ ಮಾತು: ಕಣ್ಣು ಮುಚ್ಚಿ, ಉಸಿರು ನೋಡಿ, ಒತ್ತಡ ಇಳಿಯುತ್ತದೆ, ನಿದ್ದೆ ಚೆನ್ನಾಗಿ ಬರುತ್ತದೆ, ಕೆಲಸ ಚುರುಕಾಗುತ್ತದೆ. ನಮ್ಮ ನಾಡಿನ ಜೈನ ಮನೆಗಳಲ್ಲಿ ಸಾವಿರ ವರ್ಷಕ್ಕೂ ಮೀರಿ ನಡೆದುಬಂದಿರುವ ಸಾಮಾಯಿಕ ಎಂಬ ನಿತ್ಯದ ಧ್ಯಾನ ಕೇಳುವ ಪ್ರಶ್ನೆಯೇ ಬೇರೆ. ಇವತ್ತು ನನ್ನಿಂದ ಯಾರಿಗೆ ನೋವಾಯಿತು, ಯಾವ ದಾರಿಯಿಂದ ಆಯಿತು, ಆಗ ಹೊತ್ತಿದ ಸಿಟ್ಟು ಆರಿದೆಯೋ ಇನ್ನೂ ಕೆಂಡವಾಗಿ ಕೂತಿದೆಯೋ? ಈ ಪ್ರಶ್ನೆ ಕೇಳಿಕೊಳ್ಳದೆ ಎಷ್ಟು ಹೊತ್ತು ಕೂತರೂ ಅದು ವಿಶ್ರಾಂತಿ ಆಗಬಹುದು, ಸಾಮಾಯಿಕ ಆಗುವುದಿಲ್ಲ. ಬಸದಿಗಳಲ್ಲೂ ಅದು ಪಾಠ ಓದಿ ಮುಗಿಸುವ ಕೆಲಸವಾಗುತ್ತಿರುವುದರಿಂದ, ಮಾಡುವ ಕ್ರಮವನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇವೆ. ಪತ್ರ ಉದ್ದವಾದರೆ ಕ್ಷಮಿಸಿ, ಜಾಗ ಕೊಡಿ.

ಮೊದಲು ಹೊತ್ತಿನ ವಿಷಯ. ಸಾಮಾಯಿಕಕ್ಕೆ ಕನಿಷ್ಠ ಎರಡು ಘಳಿಗೆ. ಘಳಿಗೆಗೆ 24 ನಿಮಿಷ, ಎರಡು ಸೇರಿ ಒಂದು ಮುಹೂರ್ತ, ಅಂದರೆ 48 ನಿಮಿಷ. ನಾಲ್ಕು ಘಳಿಗೆ ಕೂತರೆ ಮಧ್ಯಮ, ಆರು ಘಳಿಗೆ ಉತ್ತಮ. ಬೆಳಗ್ಗೆ, ಮಧ್ಯಾಹ್ನ, ಸಂಜೆ, ಮೂರು ಸಂಧ್ಯೆಗೂ ಹೇಳಿದೆ. ಸಂಸಾರಸ್ಥರಿಗೆ ಬೆಳಗಿನ ಒಂದು ಸಿಕ್ಕರೆ ದೊಡ್ಡದು. ಗೃಹಸ್ಥರ ಹನ್ನೆರಡು ವ್ರತಗಳಲ್ಲಿ ಐದು ಅಣುವ್ರತ, ಮೂರು ಗುಣವ್ರತ, ಉಳಿದ ನಾಲ್ಕು ಶಿಕ್ಷಾವ್ರತ. ಸಾಮಾಯಿಕ ಈ ಶಿಕ್ಷಾವ್ರತಗಳ ಪೈಕಿ. ಶಿಕ್ಷೆ ಎಂದರೆ ಇಲ್ಲಿ ದಂಡನೆಯಲ್ಲ, ಕಲಿಕೆ. ಆ ಎರಡು ಘಳಿಗೆ ಶ್ರಾವಕ, ಅಂದರೆ ಜೈನ ಗೃಹಸ್ಥ, ಬಟ್ಟೆ ಹೊದ್ದ ಮುನಿಯಂತೆ ಎಂದು ಆಚಾರ್ಯರು ಹೇಳಿದ್ದಾರೆ. ಮುನಿಯ ಬಾಳನ್ನು ದಿನಕ್ಕೆ 48 ನಿಮಿಷ ಬಾಳಿ ನೋಡುವ ಕಲಿಕೆ ಅದು.

ನಮ್ಮ ಮನೆಗಳಲ್ಲಿ ಸೋಸಿದ ನೀರಿಗೂ ಇದೇ ಅವಧಿ. ಎರಡು ಪದರ ಮಡಿಸಿದ ದಪ್ಪ ಬಟ್ಟೆಯಲ್ಲಿ ಸೋಸಿದ ನೀರನ್ನು 48 ನಿಮಿಷದೊಳಗೆ ಬಳಸಬೇಕು, ಆಮೇಲೆ ಮತ್ತೆ ಸೋಸಬೇಕು. ಬಟ್ಟೆಯಲ್ಲಿ ಉಳಿದ ಕಣ್ಣಿಗೆ ಕಾಣದ ಜೀವಿಗಳನ್ನು ಚರಂಡಿಗೆ ಝಾಡಿಸುವಂತಿಲ್ಲ, ಬಟ್ಟೆಯನ್ನು ತಿರುವಿ ನೀರು ಹಾಕಿ ಅದೇ ಬಾವಿಗೆ ಮೆಲ್ಲಗೆ ಇಳಿಸಬೇಕು. ಮನಸ್ಸನ್ನು ಸೋಸುವ ಕೆಲಸಕ್ಕೂ ಇವೆರಡು ನಿಯಮ ಹಾಗೆಯೇ ಕೂಡಿಬರುತ್ತವೆ. ಒಂದು ಸಲ ಸೋಸಿದರೆ ದಿನಪೂರ್ತಿ ಸಾಲುವುದಿಲ್ಲ. ಸಿಕ್ಕಿದ ಕಸಕ್ಕೆ ಹಿಂಸೆ ಕೊಡುವ ಹಾಗೂ ಇಲ್ಲ. ಈ ಎರಡನೆಯದನ್ನು ಕೆಳಗೆ ಮತ್ತೆ ಹೇಳಬೇಕಾಗುತ್ತದೆ.

ಜಾಗ ಬಸದಿಯೇ ಆಗಬೇಕೆಂದಿಲ್ಲ. ಸೊಳ್ಳೆ, ಗಾಳಿ, ಮಾತು ಕಡಿಮೆ ಇರುವ ಮೂಲೆ ಸಾಕು. ಚಾಪೆ ಅಥವಾ ಒಂದು ಜಮಖಾನ ಹಾಸಿಕೊಳ್ಳಿ, ಹಾಸಿಗೆ ಮೇಲೆ ಬೇಡ; ಮೆತ್ತಗಿದ್ದಷ್ಟೂ ತೂಕಡಿಕೆ ಬೇಗ. ಊಟವಾಗಿ ಎರಡು ಗಂಟೆಯಾದರೂ ಕಳೆದಿರಲಿ. ಗಡಿಯಾರಕ್ಕಾಗಿ ಮೊಬೈಲ್ ಪಕ್ಕದಲ್ಲಿಟ್ಟುಕೊಳ್ಳುವವರು ಬಹಳ. ಅದೊಂದು ತಪ್ಪಿನಿಂದಲೇ ಅರ್ಧ ಸಾಮಾಯಿಕ ಹಾಳಾಗುತ್ತದೆ, ಏಕೆಂದರೆ ಸದ್ದು ಮಾಡದೆ ಬಿದ್ದಿದ್ದರೂ ಯಾರ ಸಂದೇಶ ಬಂದಿರಬಹುದೆಂದು ಮನಸ್ಸು ಅದರ ಸುತ್ತಲೇ ಸುತ್ತುತ್ತಿರುತ್ತದೆ. ಅಲಾರಂ ಇಟ್ಟು ಪಕ್ಕದ ಕೋಣೆಯಲ್ಲಿಡಿ. ಅಡುಗೆಮನೆಯ ಟೈಮರ್ ಇದ್ದರೆ ಇನ್ನೂ ಒಳ್ಳೆಯದು.

ಶುರು ನಿಂತುಕೊಂಡೇ. ಪೂರ್ವಕ್ಕೋ ಉತ್ತರಕ್ಕೋ ಮುಖ ಮಾಡಿ ಒಂಬತ್ತು ಸಲ ಣಮೋಕಾರ (ಜೈನರ ನಮಸ್ಕಾರ ಮಂತ್ರ) ಹೇಳಿ ನಮಸ್ಕರಿಸಿ. ಆಮೇಲೆ ಒಂದೊಂದು ದಿಕ್ಕಿಗೂ ತಿರುಗಿ ಣಮೋಕಾರ ಹೇಳಿ, ಮುಗಿದ ಕೈಯನ್ನು ಎಡದಿಂದ ಬಲಕ್ಕೆ ಮೂರು ಸುತ್ತು ತಿರುಗಿಸಿ, ಒಂದು ಸಲ ತಲೆ ಬಾಗಿಸಿ. ನಾಲ್ಕು ದಿಕ್ಕಿಗೆ ಹನ್ನೆರಡು ಆವರ್ತ, ನಾಲ್ಕು ಶಿರೋನತಿ. ಇದನ್ನು ಅರ್ಥವಿಲ್ಲದ ಕಸರತ್ತೆಂದು ಬಿಟ್ಟುಬಿಡುವವರಿದ್ದಾರೆ. ಬಿಡಬೇಡಿ. ಹಾಸಿಗೆಯಿಂದ ಎದ್ದ ಮೈ ಇಷ್ಟರಲ್ಲಿ ಎಚ್ಚರವಾಗುತ್ತದೆ. ನಾಲ್ಕೂ ದಿಕ್ಕಿನ ಪೂಜ್ಯರಿಗೆ ತಲೆಬಾಗಿದ ಮೇಲೆ ನಾನೊಬ್ಬನೇ ದೊಡ್ಡವನೆಂಬ ಬಿಗಿಯೂ ಒಂದಿಷ್ಟು ಸಡಿಲುತ್ತದೆ. ಇಷ್ಟಕ್ಕೆ ಐದು ನಿಮಿಷ ಹಿಡಿಯುತ್ತದೆ.

ನಂತರ ಕೂರಬಹುದು, ನಿಂತೇ ಇರಬಹುದು. ಕೂರುವವರು ಪದ್ಮಾಸನಕ್ಕೆ ಹಟ ಹಿಡಿಯಬೇಕಾಗಿಲ್ಲ, ಅರ್ಧಪದ್ಮಾಸನ ಸಾಕು. ಕಾಲು ಜೋಮು ಹಿಡಿಯುವುದು ಸಾಮಾನ್ಯವಾಗಿ ಸೊಂಟ ಕೆಳಗಾಗಿ ತೂಕ ಕಣಕಾಲಿನ ಮೇಲೆ ಬೀಳುವುದರಿಂದ. ಮಡಿಸಿದ ಕಂಬಳಿಯನ್ನು ಕುಂಡಿಯಡಿ ಇಟ್ಟು ನಾಲ್ಕು ಬೆರಳಷ್ಟು ಎತ್ತರಿಸಿಕೊಂಡರೆ ಮೊಣಕಾಲು ನೆಲಕ್ಕೆ ತಾಗುತ್ತದೆ, ಬೆನ್ನು ತಾನೇ ನೇರವಾಗುತ್ತದೆ. ಮೊಣಕಾಲು ನೋವಿನವರು ಕುರ್ಚಿಯಲ್ಲಿ ಕೂತು ಮಾಡಲಿ, ದೋಷವೇನಿಲ್ಲ. ಕಣ್ಣು ಪೂರ್ತಿ ಮುಚ್ಚಬೇಡಿ. ಮುಚ್ಚಿದರೆ ಒಂದೋ ನಿದ್ದೆ, ಇಲ್ಲವೇ ಸಿನಿಮಾ. ಅರೆತೆರೆದು ಮೂಗಿನ ತುದಿಯತ್ತ ಇರಲಿ. ತೀರ್ಥಂಕರರ ಬಿಂಬಗಳಲ್ಲಿ ಕಾಣುವ ನೋಟ ಅದೇ.

ನಿಲ್ಲುವ ಭಂಗಿ ಕಾಯೋತ್ಸರ್ಗ. ಅದನ್ನು ಬರೆದು ಹೇಳುವುದಕ್ಕಿಂತ ತೋರಿಸುವುದೇ ಸುಲಭ. ಕ್ರಿ.ಶ. 981ರ ಶ್ರವಣಬೆಳಗೊಳದ ಗೊಮ್ಮಟ, 1432ರ ಕಾರ್ಕಳದ್ದು, 1604ರ ವೇಣೂರಿನದ್ದು, ಎಲ್ಲವೂ ನಿಂತಿರುವುದು ಅದೇ ಭಂಗಿಯಲ್ಲಿ. ಮುಂದಿನ ಸಲ ಹೋದಾಗ ಎತ್ತರ ನೋಡಿ ಬಂದುಬಿಡಬೇಡಿ, ತೋಳು ನೋಡಿ. ತೋಳು ಇಳಿಬಿದ್ದಿದೆ, ಆದರೆ ಪಕ್ಕೆಗೆ ಒತ್ತಿಲ್ಲ. ಬೆರಳು ತೊಡೆಯತ್ತ ನೇರ ಇಳಿದಿದೆ, ಮುಷ್ಟಿಯಿಲ್ಲ. ಪಾದಗಳ ನಡುವೆ ನಾಲ್ಕು ಅಂಗುಲ ಅಂತರವಿಡಬೇಕೆಂಬುದು ಕ್ರಮ. ಮೈಯಲ್ಲಿ ಎಲ್ಲೂ ಬಿಗಿಯಿಲ್ಲ, ಎಲ್ಲೂ ಜೋತು ಬಿದ್ದಿಲ್ಲ. ಕಾಯವನ್ನು ಉತ್ಸರ್ಗ ಮಾಡುವುದೆಂದರೆ ಮೈಯನ್ನು ಅದರಷ್ಟಕ್ಕೆ ಬಿಟ್ಟುಕೊಡುವುದು. ಹೊಸಬರು ಮಾಡುವ ತಪ್ಪು ಮೊಣಕಾಲನ್ನು ಹಿಂದಕ್ಕೆ ಬಿಗಿದು ನಿಲ್ಲುವುದು. ಹಾಗೆ ನಿಂತರೆ ಐದಾರು ನಿಮಿಷದಲ್ಲಿ ತಲೆ ಸುತ್ತಬಹುದು. ಮೊಣಕಾಲು ಒಂದು ಎಳೆ ಸಡಿಲವಿರಲಿ. ರಕ್ತದೊತ್ತಡ ಕಡಿಮೆ ಇರುವವರು, ಬಸುರಿಯರು, ತೀರಾ ವಯಸ್ಸಾದವರು ಕೂತೇ ಮಾಡಲಿ.

ಕಾಯೋತ್ಸರ್ಗದ ಅಳತೆ ಉಸಿರು. ಒಂದು ಣಮೋಕಾರಕ್ಕೆ ಮೂರು ಉಸಿರು, ಒಂಬತ್ತಕ್ಕೆ 27. ಹಂಚಿಕೆ ಹೀಗೆ: ಉಸಿರು ಒಳಗೆ ಬರುವಾಗ ಣಮೋ ಅರಿಹಂತಾಣಂ, ಹೊರಗೆ ಹೋಗುವಾಗ ಣಮೋ ಸಿದ್ಧಾಣಂ. ಎರಡನೆಯ ಉಸಿರಿಗೆ ಣಮೋ ಆಯರಿಯಾಣಂ, ಣಮೋ ಉವಜ್ಝಾಯಾಣಂ. ಮೂರನೆಯದಕ್ಕೆ ಣಮೋ ಲೋಏ, ಸವ್ವಸಾಹೂಣಂ. ಇಲ್ಲಿ ಉಸಿರನ್ನು ಹಿಡಿಯುವುದಿಲ್ಲ, ಉದ್ದ ಮಾಡುವುದಿಲ್ಲ. ಇದು ಪ್ರಾಣಾಯಾಮವಲ್ಲ. ಮಂತ್ರಕ್ಕೆ ತಕ್ಕಂತೆ ಉಸಿರನ್ನು ಎಳೆಯಹೋದವರಿಗೆ ಎದೆ ಬಿಗಿದಂತಾಗಿ ಸಾಕುಸಾಕಾಗುತ್ತದೆ. ಉಸಿರು ತನ್ನ ಪಾಡಿಗೆ ಬರಲಿ, ಮಂತ್ರ ಅದರ ಮೇಲೆ ಕೂತು ಹೋಗಲಿ. 108 ಣಮೋಕಾರಕ್ಕೆ 324 ಉಸಿರಾಗುತ್ತದೆ. ಸುಮ್ಮನೆ ಕೂತವರ ಉಸಿರು ನಿಮಿಷಕ್ಕೆ ಹದಿಮೂರು ಹದಿನಾಲ್ಕು ಎಂದಿಟ್ಟುಕೊಂಡರೆ ಒಂದು ಮಾಲೆ ಮುಗಿಯಲು 24 ನಿಮಿಷ, ಸರಿಯಾಗಿ ಒಂದು ಘಳಿಗೆ. ಹತ್ತೇ ನಿಮಿಷದಲ್ಲಿ ಮಾಲೆ ಮುಗಿಯುತ್ತಿದ್ದರೆ ತುಟಿ ಓಡುತ್ತಿದೆ, ಉಸಿರು ಹಿಂದೆ ಬಿದ್ದಿದೆ ಎಂದು ತಿಳಿಯಿರಿ. ಮಣಿಮಾಲೆ ಇಲ್ಲದಿದ್ದರೆ ಬೆರಳೇ ಆಯಿತು. ಹೆಬ್ಬೆರಳು ಬಿಟ್ಟು ನಾಲ್ಕು ಬೆರಳಿಗೆ ಮೂರು ಮೂರು ಗೆಣ್ಣು, ಹನ್ನೆರಡು. ಒಂಬತ್ತು ಸುತ್ತು ಹೋದರೆ 108.

ಈ 108 ಏಕೆ ಎಂಬುದಕ್ಕೆ ಜೈನ ಶಾಸ್ತ್ರದಲ್ಲಿರುವ ಉತ್ತರವೇ ಸಾಮಾಯಿಕದ ತಿರುಳು. ಬಹಳ ಮನೆಗಳಲ್ಲಿ ಇದು ಮರೆತೇಹೋಗಿದೆ. ಪಾಪ ಒಳಗೆ ಬರುವ ಬಾಗಿಲುಗಳು 108. ಒಂದು ಕೆಲಸಕ್ಕೆ ಮೂರು ಹಂತ: ಮಾಡಬೇಕೆಂದು ನಿಶ್ಚಯಿಸುವುದು ಸಂರಂಭ, ಬೇಕಾದ್ದನ್ನು ಹೊಂದಿಸಿಕೊಳ್ಳುವುದು ಸಮಾರಂಭ, ಕೈ ಹಾಕುವುದು ಆರಂಭ. (ಸಮಾರಂಭ ಈಗ ಕನ್ನಡದಲ್ಲಿ ಮದುವೆ, ಸಭೆಗಳ ಮಾತಾಗಿದೆ. ಇಲ್ಲಿ ಅರ್ಥ ಬೇರೆ.) ಒಂದೊಂದು ಹಂತವೂ ಮನಸ್ಸಿನಿಂದ, ಮಾತಿನಿಂದ, ಮೈಯಿಂದ ಆಗಬಹುದು, ಅಲ್ಲಿಗೆ ಒಂಬತ್ತು. ತಾನೇ ಮಾಡಿದ್ದು ಕೃತ, ಇನ್ನೊಬ್ಬರಿಂದ ಮಾಡಿಸಿದ್ದು ಕಾರಿತ, ಇನ್ನೊಬ್ಬರು ಮಾಡಿದ್ದಕ್ಕೆ ಒಳಗೊಳಗೇ ಭೇಷ್ ಅಂದದ್ದು ಅನುಮೋದಿತ, ಅಲ್ಲಿಗೆ ಇಪ್ಪತ್ತೇಳು. ಪ್ರತಿಯೊಂದರ ಹಿಂದೆಯೂ ಕ್ರೋಧ, ಮಾನ (ಅಹಂಕಾರ), ಮಾಯೆ (ಕಪಟ), ಲೋಭ ಎಂಬ ನಾಲ್ಕು ಕಷಾಯಗಳಲ್ಲಿ, ಅಂದರೆ ಮನಸ್ಸಿನ ಕೊಳೆಗಳಲ್ಲಿ, ಒಂದು. 27 ನಾಲ್ಕಲೆ 108. ಮಾಲೆಯ ಒಂದೊಂದು ಮಣಿಯೂ ಒಂದೊಂದು ಬಾಗಿಲು.

ಮಾಲೆ ಮುಗಿದ ಮೇಲೆ ಆಲೋಚನೆ ಮಾಡಬೇಕು ಎನ್ನುತ್ತಾರೆ. ಇದೂ ಬಳಕೆಯ ಅರ್ಥದ ಆಲೋಚನೆಯಲ್ಲ. ಆದ ತಪ್ಪನ್ನು ಮುಚ್ಚುಮರೆಯಿಲ್ಲದೆ ತೆರೆದು ನೋಡುವುದು. ಇದಕ್ಕೆ ಹತ್ತು, ಹೆಚ್ಚೆಂದರೆ ಹನ್ನೆರಡು ನಿಮಿಷ. ನಿನ್ನೆಯ ದಿನದಿಂದ ಒಂದೇ ಒಂದು ಪ್ರಸಂಗ ತೆಗೆದುಕೊಂಡರೆ ಸಾಕು, ಮೂರಕ್ಕಿಂತ ಹೆಚ್ಚು ಬೇಡ. ಮನೆಗೆಲಸದಾಕೆ ಹೇಳದೆ ಕೇಳದೆ ಎರಡು ದಿನ ಬರಲಿಲ್ಲ, ಮೂರನೆಯ ದಿನ ಬಂದಾಗ ಬೈದದ್ದಾಯಿತು ಎಂದಿಟ್ಟುಕೊಳ್ಳಿ. ಬೈದೆ, ತಪ್ಪಾಯಿತು ಎಂದು ಒಂದೇ ಮಾತಿಗೆ ಮುಗಿಸಿದರೆ ಏನೂ ನೋಡಿದಂತಾಗಲಿಲ್ಲ. ಹಿಂದಕ್ಕೆ ನಡೆಯುತ್ತಾ ಹೋಗಿ. ಬೈಗುಳ ಬಾಯಿಂದ ಹೊರಟದ್ದು ಆರಂಭ. ಅದಕ್ಕೂ ಮೊದಲು, ಸಿಂಕಿನಲ್ಲಿ ಪಾತ್ರೆ ಉಜ್ಜುತ್ತಾ ಹೋದ ತಿಂಗಳ ರಜೆಗಳನ್ನೂ ಅವಳಿಗೆ ಕೊಟ್ಟ ಹಳೆಯ ಸೀರೆಯನ್ನೂ ನೆನಪು ಮಾಡಿಕೊಂಡು ಮಾತು ಜೋಡಿಸಿದ್ದು ಸಮಾರಂಭ. ಅದಕ್ಕೂ ಹಿಂದೆ, ಬೆಳಗ್ಗೆ ಹಲ್ಲುಜ್ಜುವಾಗಲೇ ‘ಬರಲಿ, ಇವತ್ತು ಬಿಡುವುದಿಲ್ಲ’ ಅಂದುಕೊಂಡದ್ದು ಸಂರಂಭ. ಮೈ ಏನು ಮಾಡಿತು? ಚಹಾದ ಲೋಟವನ್ನು ಅವಳ ಮುಂದೆ ಕುಕ್ಕಿತು. ಬೈದದ್ದು ಹೆಂಡತಿಯಾಗಿದ್ದರೆ, ಪೇಪರ್ ಓದುತ್ತಾ ಕೂತಿದ್ದ ಗಂಡ ಒಳಗೊಳಗೇ ‘ಸರಿಯಾಗಿ ಆಯಿತು’ ಅಂದುಕೊಂಡಿದ್ದರೆ ಅದು ಅನುಮೋದಿತ. ಅವನ ಲೆಕ್ಕಕ್ಕೂ ಅದು ಬಂತು.

ಇನ್ನು ಕೊನೆಯ ಪ್ರಶ್ನೆ, ಹಿಂದಿದ್ದ ಕಷಾಯ ಯಾವುದು? ಸಿಟ್ಟು ಎಂದೇ ಎಲ್ಲರ ಮೊದಲ ಉತ್ತರ. ಸ್ವಲ್ಪ ತಾಳಿ. ಅವಳು ಬರದ್ದರಿಂದ ಆದ ತೊಂದರೆ ಹೆಚ್ಚು ಚುಚ್ಚಿತೋ, ಅವಳು ‘ನನಗೆ’ ಹೇಳದೆ ಉಳಿದದ್ದು ಹೆಚ್ಚು ಚುಚ್ಚಿತೋ? ಎರಡನೆಯದಾದರೆ ಅದು ಮಾನ. ಕ್ರೋಧದ ಅಂಗಿ ತೊಟ್ಟು ಬಂದ ಮಾನ. ಎರಡು ದಿನದ ಸಂಬಳ ಹಿಡಿಯಲು ಒಂದು ನೆಪ ಸಿಕ್ಕಿತೆಂಬ ಸಮಾಧಾನ ಮೂಲೆಯಲ್ಲೆಲ್ಲೋ ಇದ್ದರೆ ಲೋಭ. ಔಷಧ ಬೇರೆಬೇರೆಯಾದ್ದರಿಂದ ಹೆಸರು ಸರಿಯಾಗಿ ಹಿಡಿಯಬೇಕು. ಕ್ರೋಧಕ್ಕೆ ಕ್ಷಮೆ, ಮಾನಕ್ಕೆ ಮಾರ್ದವ (ವಿನಯ), ಮಾಯೆಗೆ ಆರ್ಜವ (ನೇರ ನಡೆ), ಲೋಭಕ್ಕೆ ಶೌಚ (ಆಸೆಯಿಲ್ಲದ ಶುದ್ಧ ಮನಸ್ಸು). ಭಾದ್ರಪದದಲ್ಲಿ ಹತ್ತು ದಿನ ದಶಲಕ್ಷಣ ಪರ್ವ ಆಚರಿಸುವಾಗ ಮೊದಲ ನಾಲ್ಕು ಧರ್ಮಗಳಾಗಿ ಬರುವುದು ಇವೇ. ಮಾನದ ರೋಗಕ್ಕೆ ಕ್ಷಮೆಯ ಔಷಧ ಕೊಟ್ಟರೆ ರೋಗ ಬಲಿಯುತ್ತದೆ. ‘ಹೋಗಲಿ, ನಾನೇ ದೊಡ್ಡ ಮನಸ್ಸು ಮಾಡಿ ಕ್ಷಮಿಸಿದೆ’ ಎಂಬ ಮಾತಿನಲ್ಲಿ ಮಾನ ಎಷ್ಟು ಕೊಬ್ಬಿದೆ ನೋಡಿ.

ಸಿಟ್ಟಿಗೆ ಇನ್ನೊಂದು ಅಳತೆಗೋಲಿದೆ: ಅದು ಬಾಳುವ ಕಾಲ. ಶ್ರವಣಬೆಳಗೊಳದ ಮೂರ್ತಿ ಮಾಡಿಸಿದ ಚಾವುಂಡರಾಯನ ಗುರುಗಳಾದ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು ಇದನ್ನು ಖಚಿತವಾಗಿ ಬರೆದಿಟ್ಟಿದ್ದಾರೆ. ನೀರಿನ ಮೇಲೆ ಎಳೆದ ಗೆರೆಯಂಥ ಸಿಟ್ಟು ಸಂಜ್ವಲನ. ಅದರ ವಾಸನೆ, ಅಂದರೆ ಮನಸ್ಸಿನಲ್ಲಿ ಉಳಿದ ಗುರುತು, ಮುಹೂರ್ತದೊಳಗೆ ಅಳಿಯುತ್ತದೆ. ಮರಳಿನ ಮೇಲಿನ ಗೆರೆಯಂಥದ್ದು ಪ್ರತ್ಯಾಖ್ಯಾನಾವರಣ, ಹದಿನೈದು ದಿನದವರೆಗೆ ಉಳಿಯುತ್ತದೆ. ಬಿರಿದ ನೆಲದಂಥದ್ದು ಅಪ್ರತ್ಯಾಖ್ಯಾನಾವರಣ, ಆರು ತಿಂಗಳವರೆಗೆ. ಕಲ್ಲಿನ ಮೇಲೆ ಕೊರೆದ ಗೆರೆಯಂಥದ್ದು ಅನಂತಾನುಬಂಧಿ. ಅದು ಆರು ತಿಂಗಳನ್ನೂ ದಾಟಿ ಮುಂದಕ್ಕೆ ಹೋಗುತ್ತದೆ. ಗಮನಿಸಬೇಕಾದ್ದು ಏನೆಂದರೆ ಇಲ್ಲಿ ಅಳೆಯುವುದು ಕೂಗಾಟದ ಜೋರನ್ನಲ್ಲ. ಮನೆ ಹಾರಿಹೋಗುವಂತೆ ಕೂಗಿ ಅರ್ಧ ಗಂಟೆಯಲ್ಲಿ ಮರೆತವನ ಸಿಟ್ಟು, ನಗುನಗುತ್ತಲೇ ಮಾತಾಡುತ್ತಾ ಅಣ್ಣನ ಮೇಲೆ ಆಸ್ತಿ ಪಾಲಿನ ಕಹಿಯನ್ನು ಎರಡು ವರ್ಷದಿಂದ ಇಟ್ಟುಕೊಂಡವನ ಸಿಟ್ಟಿಗಿಂತ ಹಗುರ. ಕಲ್ಲಿನ ಗೆರೆ ಇರುವವರೆಗೆ ಸಮ್ಯಗ್ದರ್ಶನವೇ (ಸರಿಯಾದ ಶ್ರದ್ಧೆಯೇ) ಹುಟ್ಟುವುದಿಲ್ಲ, ನೆಲದ ಬಿರುಕು ಇರುವವರೆಗೆ ಅಣುವ್ರತವೂ ನಿಲ್ಲುವುದಿಲ್ಲ ಎನ್ನುತ್ತದೆ ಶಾಸ್ತ್ರ. ವರ್ಷಕ್ಕೆ ಎಷ್ಟು ಉಪವಾಸ ಮಾಡಿದೆವೆಂಬ ಲೆಕ್ಕಕ್ಕಿಂತ ಈ ಲೆಕ್ಕ ಮುಖ್ಯವೆಂದು ನಾವು ನಂಬುತ್ತೇವೆ.

ಇದನ್ನು ದಿನಚರಿಗೆ ತರುವುದು ಕಷ್ಟವೇನಲ್ಲ. ಚಿಕ್ಕ ಪುಸ್ತಕವೊಂದರಲ್ಲಿ ಎರಡೇ ಕಾಲಮು: ಹೊತ್ತಿದ ತಾರೀಕು, ಆರಿದ ತಾರೀಕು. ಹೆಸರು, ಕಾರಣ, ಯಾರದು ತಪ್ಪು ಎಂದೆಲ್ಲ ಬರೆಯಬೇಡಿ. ಬರೆದರೆ ಪುಸ್ತಕವೇ ದೂರುಪತ್ರವಾಗುತ್ತದೆ. ಆರಿದೆಯೇ ಎಂದು ತಿಳಿಯುವುದು ಹೇಗೆ? ಆ ಹೆಸರು ಮೊಬೈಲಿನಲ್ಲಿ ಮೂಡಿದಾಗ ಹೊಟ್ಟೆಯಲ್ಲಿ ಏನಾಗುತ್ತದೆ ನೋಡಿ. ಅವರಿಗೆ ಒಳ್ಳೆಯದಾದ ಸುದ್ದಿ ಕೇಳಿದಾಗ ಮುಖ ಹೇಗಾಗುತ್ತದೆ ನೋಡಿ. ಹದಿನೈದು ದಿನಕ್ಕೊಮ್ಮೆ, ಪಾಕ್ಷಿಕ ಪ್ರತಿಕ್ರಮಣದ (ಪಕ್ಷದ ತಪ್ಪುಗಳನ್ನು ನೆನೆದು ಹಿಂದಿರುಗುವ ವಿಧಿಯ) ಚತುರ್ದಶಿಯಂದು, ಎರಡನೆಯ ಕಾಲಮಿನಲ್ಲಿ ಖಾಲಿ ಉಳಿದ ಸಾಲುಗಳನ್ನು ತೆಗೆಯಿರಿ. ಪಕ್ಷ ದಾಟಿದ್ದರೆ ಇನ್ನು ಒಳಗೊಳಗೆ ಕೂತು ಆರಿಸಲಾಗದು. ಎದ್ದು ಹೋಗಿ ಮಾತಾಡಬೇಕು, ಆಗದಿದ್ದರೆ ಫೋನಾದರೂ ಮಾಡಬೇಕು. ದಶಲಕ್ಷಣ ಮುಗಿದ ಮೇಲೆ ಕ್ಷಮೆ ಕೇಳುವ ದಿನವಾದ ಕ್ಷಮಾವಾಣಿಗೆಂದು ಇನ್ನೂರು ಜನರಿಗೆ ಒಂದೇ ಚಿತ್ರ ಕಳಿಸುವುದು ಈಗ ರೂಢಿ. ಆ ಇನ್ನೂರರಲ್ಲಿ ನಿಜವಾಗಿ ಕೇಳಬೇಕಾದವರು ಇಬ್ಬರೋ ಮೂವರೋ ಇರುತ್ತಾರೆ. ಅವರಿಗೆ ಚಿತ್ರ ಸಾಲುವುದಿಲ್ಲ.

ಆಲೋಚನೆಯಲ್ಲಿ ಕೆಡುವುದು ಎರಡು ಕಡೆ. ಒಂದು, ನೋಡುತ್ತಾ ನೋಡುತ್ತಾ ವಾದ ಶುರುವಾಗುತ್ತದೆ: ‘ನಾನು ಹಾಗಂದದ್ದು ನಿಜ, ಆದರೆ ಅವರು...’ ಈ ‘ಆದರೆ’ ಬಂದ ಕೂಡಲೇ ನಿಲ್ಲಿಸಿ, ಒಂಬತ್ತು ಣಮೋಕಾರ ಹೇಳಿ ಮತ್ತೆ ಶುರು ಮಾಡಿ. ಇನ್ನೊಂದು ಇದಕ್ಕಿಂತ ಅಪಾಯದ್ದು: ತನ್ನನ್ನು ತಾನೇ ಹಳಿದುಕೊಳ್ಳುವುದು. ನಾನು ಯಾವುದಕ್ಕೂ ಬಾರದವಳು, ಪಾಪಿ ಎಂಬ ಗೋಳಾಟ ಆಲೋಚನೆಯಲ್ಲ. ಸೋಸಿದ ಬಟ್ಟೆಯ ಜೀವಿಯನ್ನೂ ನೋಯಿಸದೆ ಬಾವಿಗೆ ಇಳಿಸುವ ನಾವು ನಮ್ಮನ್ನು ನೋಯಿಸಿಕೊಂಡರೆ ಅದೂ ಹಿಂಸೆಯೇ. ತಪ್ಪು ಕಂಡಿತು, ಹೆಸರು ಸಿಕ್ಕಿತು, ಮಿಚ್ಛಾ ಮಿ ದುಕ್ಕಡಂ (ನನ್ನ ತಪ್ಪು ಇಲ್ಲವಾಗಲಿ), ಮುಗಿಯಿತು. ಮನಸ್ಸು ಮೊದಲೇ ಕುಗ್ಗಿರುವವರು, ಸಾವುನೋವಿನ ದುಃಖ ಹಸಿಯಾಗಿರುವವರು, ಖಿನ್ನತೆಗೆ ಔಷಧ ತೆಗೆದುಕೊಳ್ಳುತ್ತಿರುವವರು ಈ ಭಾಗವನ್ನು ಬಿಟ್ಟು ಜಪವಷ್ಟೇ ಮಾಡಲಿ, ವೈದ್ಯರ ಸಲಹೆ ಬಿಡದಿರಲಿ. ಒಂದೇ ತಪ್ಪು ವಾರಗಟ್ಟಲೆ ಮತ್ತೆಮತ್ತೆ ಎದುರಾಗುತ್ತಿದ್ದರೆ ನಂಬಿಕೆಯ ಹಿರಿಯರೊಬ್ಬರ ಮುಂದೆ ಬಾಯಿಬಿಟ್ಟು ಹೇಳಿ. ಆಲೋಚನೆ ಮೂಲದಲ್ಲಿ ಗುರುವಿನ ಮುಂದೆ ಆಗುತ್ತಿದ್ದದ್ದೇ.

ನೋಡಿ ಆದ ಮೇಲೆ ನಾಳೆಗೆ ಒಂದು ನಿಯಮ. ಕಾಲಮಿತಿ ಇರುವುದು ನಿಯಮ, ಬದುಕಿರುವವರೆಗಿನದು ಯಮ. ನಮ್ಮಂಥವರಿಗೆ ನಿಯಮ ಸಾಕು. ‘ಇನ್ನು ಮೇಲೆ ಸಿಟ್ಟು ಮಾಡುವುದಿಲ್ಲ’ ಎಂಬ ಸಂಕಲ್ಪ ಮರುದಿನ ಬೆಳಗ್ಗೆ ಎಂಟಕ್ಕೇ ಮುರಿಯುತ್ತದೆ. ‘ನಾಳೆ ಮಕ್ಕಳು ಶಾಲೆ ಬಸ್ಸು ಹತ್ತುವವರೆಗೆ ದನಿ ಏರಿಸುವುದಿಲ್ಲ’ ಎಂಬುದು ನಿಲ್ಲುತ್ತದೆ. ಗಂಟೆ, ಜಾಗ, ಕೆಲಸ, ಮೂರೂ ಸ್ಪಷ್ಟವಿರಲಿ.

ಉಳಿದ ಐದಾರು ನಿಮಿಷಕ್ಕೆ ಹನ್ನೆರಡು ಭಾವನೆಗಳಲ್ಲಿ, ಅಂದರೆ ಮತ್ತೆಮತ್ತೆ ನೆನೆಯುವ ಚಿಂತನೆಗಳಲ್ಲಿ, ಒಂದು. ಅನಿತ್ಯ, ಅಶರಣ, ಸಂಸಾರ, ಏಕತ್ವ, ಅನ್ಯತ್ವ, ಅಶುಚಿ, ಆಸ್ರವ, ಸಂವರ, ನಿರ್ಜರ, ಲೋಕ, ಬೋಧಿದುರ್ಲಭ, ಧರ್ಮ ಎಂದು ಹನ್ನೆರಡನ್ನೂ ದಿನವೂ ಗಡಗಡ ಒಪ್ಪಿಸುವುದಕ್ಕಿಂತ ವಾರಕ್ಕೊಂದು ಹಿಡಿಯುವುದು ಒಳ್ಳೆಯದು. ಅನ್ಯತ್ವದ ವಾರ ಬಂದಾಗ ಮೊಣಕಾಲು ನೋವೇ ಪಾಠ. ನೋವು ಮೊಣಕಾಲಲ್ಲಿದೆ, ಅದನ್ನು ತಿಳಿಯುತ್ತಿರುವುದು ಮೊಣಕಾಲಲ್ಲ. ಎರಡರ ನಡುವೆ ಒಂದೇ ಒಂದು ನಿಮಿಷ ನಿಂತು ನೋಡಿ. ಆಮೇಲೆ ಕಾಲು ಬದಲಿಸಿ, ತಪ್ಪಿಲ್ಲ. ಕೊನೆಗೆ ಒಂಬತ್ತು ಣಮೋಕಾರದ ಕಾಯೋತ್ಸರ್ಗ, ನಮಸ್ಕಾರ. ಅಲಾರಂ ಹೊಡೆದ ತಕ್ಷಣ ಎದ್ದು ಓಡಬೇಡಿ.

ಬೆಂಗಳೂರು, ಹುಬ್ಬಳ್ಳಿಯ ಶ್ವೇತಾಂಬರ ಮನೆಗಳಲ್ಲಿ ಕ್ರಮ ಇಲ್ಲಿ ಹೇಳಿದ ದಿಗಂಬರ ಕ್ರಮಕ್ಕಿಂತ ಸ್ವಲ್ಪ ಬೇರೆ. ಬಾಯಿಗೆ ಅಡ್ಡ ಹಿಡಿಯುವ ಬಟ್ಟೆ, ಮುಹಪತ್ತಿ, ಇರುತ್ತದೆ, ‘ಕರೇಮಿ ಭಂತೇ’ ಎಂದು ಪ್ರತಿಜ್ಞೆ ಮಾಡಿ ಕೂರುತ್ತಾರೆ. 48 ನಿಮಿಷ ಅಲ್ಲೂ ಅದೇ. ಅವರಲ್ಲಿ ಸಾಮಾಯಿಕದ ದೋಷಗಳನ್ನು 32 ಎಂದು ಎಣಿಸುವ ಪದ್ಧತಿ ಎಲ್ಲರಿಗೂ ಉಪಯೋಗದ್ದು: ಮನಸ್ಸಿನವು ಹತ್ತು, ಮಾತಿನವು ಹತ್ತು, ಮೈಯವು ಹನ್ನೆರಡು. ಮೈಯ ದೋಷಗಳಲ್ಲಿ ಗೋಡೆಗೆ ಒರಗುವುದು, ಕೈಕಾಲು ಚಾಚುವುದು ಮಡಿಸುವುದು, ಬೆರಳ ಲಟಿಕೆ ತೆಗೆಯುವುದು, ಮೈಯ ಕೊಳೆ ಉಜ್ಜುವುದು ಎಲ್ಲ ಸೇರಿವೆ. ಎಷ್ಟು ಹತ್ತಿರದಿಂದ ಮನುಷ್ಯನನ್ನು ನೋಡಿ ಬರೆದಿದ್ದಾರೆ! ಮನಸ್ಸಿನ ದೋಷಗಳಲ್ಲಿ ಯಶಕ್ಕಾಗಿ ಕೂರುವುದು ಒಂದು. ಕೂತ ಚಿತ್ರ ತೆಗೆದು ಸ್ಟೇಟಸ್ ಹಾಕುವುದು, ಇಷ್ಟು ದಿನ ತಪ್ಪದೆ ಮಾಡಿದೆ ಎಂದು ಆ್ಯಪ್ ತೋರಿಸುವ ಅಂಕಿಯನ್ನು ಹಂಚಿಕೊಳ್ಳುವುದು ಅದರ ಇಂದಿನ ರೂಪ. ಮಗನಿಗೆ ಸೀಟು ಸಿಗಲಿ ಎಂದು ಫಲ ಬೇಡಿ ಕೂರುವುದು ನಿದಾನ, ಅದೂ ದೋಷವೇ. ದಿಗಂಬರ ಕ್ರಮದಲ್ಲೂ ಐದು ಅತಿಚಾರಗಳಿವೆ, ಅಂದರೆ ವ್ರತದ ದೋಷಗಳು. ಮನಸ್ಸು, ಮಾತು, ಮೈಗಳನ್ನು ಅಡ್ಡದಾರಿಗೆ ಬಿಡುವ ಮೂರರ ಜೊತೆಗೆ ಅನಾದರ ಮತ್ತು ಸ್ಮೃತ್ಯನುಪಸ್ಥಾನ, ಅಂದರೆ ಉತ್ಸಾಹವಿಲ್ಲದೆ ಕಾಟಾಚಾರಕ್ಕೆ ಮಾಡುವುದು ಮತ್ತು ಮರೆತುಬಿಡುವುದು. ಎಷ್ಟೋ ವರ್ಷದಿಂದ ಮಾಡುತ್ತಿರುವವರನ್ನು ಹಿಡಿಯುವುದು ಈ ಕೊನೆಯ ಎರಡೇ.

ಈ ಅಭ್ಯಾಸ ಚಾಪೆಯ ಮೇಲೆಯೇ ಮುಗಿಯಬಾರದು. ಹೊರಗೆ ಹೋಗಿ ಬಂದ ಮೇಲೆ ಈರ್ಯಾಪಥ ಶುದ್ಧಿಗೆಂದು, ಅಂದರೆ ನಡೆದಾಡುವಾಗ ಆದ ತಪ್ಪು ತೊಳೆಯಲೆಂದು, ಒಂಬತ್ತು ಣಮೋಕಾರ ಹೇಳುವ ವಾಡಿಕೆ ಇದೆ. ಕಚೇರಿಯಿಂದ ಬಂದು ಚಪ್ಪಲಿ ಬಿಟ್ಟವರು ಮೊಬೈಲ್, ಟಿ.ವಿ., ಕಾಫಿ ಯಾವುದಕ್ಕೂ ಕೈ ಹಾಕುವ ಮುಂಚೆ ಬಾಗಿಲ ಬಳಿಯೇ 27 ಉಸಿರು ನಿಲ್ಲಲಿ. ಎರಡು ನಿಮಿಷ. ಕಚೇರಿಯ ಸಿಟ್ಟು ಮಕ್ಕಳ ಮೇಲೆ ಇಳಿಯುವುದು ಹೆಚ್ಚಾಗಿ ಮನೆಗೆ ಬಂದ ಮೊದಲ ಹತ್ತು ನಿಮಿಷದಲ್ಲಿ. ಮುನಿಗಳ ಐದು ಸಮಿತಿಗಳಲ್ಲಿ, ಅಂದರೆ ಎಚ್ಚರದ ನಡವಳಿಕೆಗಳಲ್ಲಿ, ಆದಾನ ನಿಕ್ಷೇಪಣ ಎಂಬುದೊಂದು: ವಸ್ತುವನ್ನು ನೋಡಿ ಎತ್ತುವುದು, ನೋಡಿ ಇಡುವುದು. ಅಡುಗೆಮನೆಯಲ್ಲಿ ಒಂದು ಹೊತ್ತು ಇದನ್ನು ಮಾಡಿ ನೋಡಿ. ತಟ್ಟೆ, ಸೌಟು, ಕುಕ್ಕರಿನ ಮುಚ್ಚಳ, ಇಡುವಾಗ ಸದ್ದಾಗಬಾರದು. ಸದ್ದಾದ ಕಡೆಯೆಲ್ಲ ಮನಸ್ಸು ಇನ್ನೆಲ್ಲೋ ಇತ್ತೆಂದು ಗೊತ್ತಾಗುತ್ತದೆ. ಸದ್ದು ಜೋರಾಗಿದ್ದರೆ ಅದು ಯಾರ ಮೇಲಿತ್ತು ಎಂಬುದೂ ಗೊತ್ತಾಗುತ್ತದೆ.

ಜೈನರಲ್ಲದವರು ಮಾಡಬಹುದೇ ಎಂದು ಕೇಳುವವರಿದ್ದಾರೆ. ಣಮೋಕಾರದಲ್ಲಿ ಯಾವ ವ್ಯಕ್ತಿಯ ಹೆಸರೂ ಇಲ್ಲ. ಅರಿಹಂತ, ಸಿದ್ಧ, ಆಚಾರ್ಯ, ಉಪಾಧ್ಯಾಯ, ಸಾಧುಗಳೆಂಬ ಐದು ಪದವಿಗೆ ನಮಸ್ಕಾರ. ಅದು ಬೇಡವೆನಿಸಿದರೆ ತಮ್ಮದೇ ಮಂತ್ರ ಹಿಡಿಯಲಿ. ನಿಗದಿ ಹೊತ್ತು, 27 ಉಸಿರು, ಸಿಟ್ಟಿನ ಎರಡು ಕಾಲಮು, ಇವಕ್ಕೆ ಜಾತಿಯಿಲ್ಲ. 48 ನಿಮಿಷ ಮೊದಲ ದಿನವೇ ಬೇಡ. ತಿಂಗಳೊಂದು 27 ಉಸಿರು ಮಾತ್ರ ಬೆಳಗ್ಗೆ, ಸಂಜೆ. ಅದು ತಪ್ಪದೆ ನಿಂತ ಮೇಲೆ ಒಂದು ಘಳಿಗೆ. ಮುಹೂರ್ತಕ್ಕೆ ಬರಲು ಆರು ತಿಂಗಳಾದರೂ ಆಗಲಿ.

ಬಾಹುಬಲಿ ವರ್ಷವಿಡೀ ನಿಂತ. ಬಳ್ಳಿ ಹಬ್ಬಿತು, ಹುತ್ತ ಬೆಳೆಯಿತು, ಆದರೂ ಕೇವಲಜ್ಞಾನ, ಅಂದರೆ ಪೂರ್ಣ ಅರಿವು, ಆಗಲಿಲ್ಲ. ಅಣ್ಣ ಭರತನ ನೆಲದ ಮೇಲೆ ನಿಂತಿದ್ದೇನೆಂಬ ಒಂದು ಶಲ್ಯ ಒಳಗೆ ಉಳಿದಿತ್ತೆಂದು ನಮ್ಮ ನಾಡಿನಲ್ಲಿ ಕಥೆ ಹೇಳುತ್ತಾರೆ. ಶಲ್ಯವೆಂದರೆ ಮುರಿದು ಒಳಗುಳಿದ ಮುಳ್ಳು. ಅಷ್ಟು ಗಟ್ಟಿಯಾಗಿ ನಿಂತವನಿಗೂ ಮುಳ್ಳು ಕಾಣಬೇಕಾಯಿತು, ಬರೀ ನಿಲ್ಲುವುದು ಸಾಲಲಿಲ್ಲ. ಮಕ್ಕಳಿಗೆ ಈ ಕಥೆ ಹೇಳುವಾಗ ಬಳ್ಳಿ, ಹುತ್ತದಲ್ಲೇ ನಿಲ್ಲಿಸಿಬಿಡುತ್ತೇವೆ. ಮುಳ್ಳಿನವರೆಗೂ ಹೇಳಬೇಕು.

ಬಸದಿಗಳ ಆಡಳಿತದವರಲ್ಲಿ ಎರಡು ಬೇಡಿಕೆ. ಬೆಳಗಿನ ಹೊತ್ತು ಒಂದು ಮುಹೂರ್ತ ಧ್ವನಿವರ್ಧಕ ನಿಲ್ಲಿಸಿ, ಸಾಮಾಯಿಕಕ್ಕೆ ಬಂದವರಿಗೆ ಮೌನ ಸಿಗಲಿ. ಎರಡನೆಯದಾಗಿ, ಣಮೋಕಾರದ ಉಸಿರಿನ ಹಂಚಿಕೆಯನ್ನೂ 108 ಬಾಗಿಲುಗಳ ಪಟ್ಟಿಯನ್ನೂ ದಪ್ಪ ಕನ್ನಡ ಅಕ್ಷರಗಳಲ್ಲಿ ಬರೆಸಿ, ಕಾಲು ತೊಳೆಯುವ ನಲ್ಲಿಯ ಪಕ್ಕದ ಗೋಡೆಗೆ ಹಾಕಿಸಿ. ದೇಣಿಗೆ ಕೊಟ್ಟವರ ಹೆಸರಿನ ಕಲ್ಲಿಗಿಂತ ತುಸು ಮೇಲೆ, ಎಂಟು ವರ್ಷದ ಮಗುವಿನ ಕಣ್ಣಿಗೆ ಎಟುಕುವ ಹಾಗೆ.

– ಸಾಮಾಯಿಕದ ಕೆಲವು ಅಭ್ಯಾಸಿಗಳು, ಮೂಡುಬಿದಿರೆ